ಸೂಜಿಯ ಭಯ ಮತ್ತು ಇನ್ನೊಂದು ಭಯ

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಸಿರಿಗೆರೆ. ತರಳಬಾಳು ಬೃಹನ್ಮಠದ ಊರು. ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ೧೯೯೨ರ ಸೆಪ್ಟೆಂಬರ್ ೨೪ರಂದು ತೀರಿಕೊಂಡ ಮೇಲೆ ಪ್ರತಿವರ್ಷ ಆ ದಿನಗಳಲ್ಲಿ ಅಲ್ಲಿ ಅವರ ಶ್ರದ್ಧಾಂಜಲಿ ನಡೆಯುತ್ತದೆ. ಸುತ್ತಲಿನ ಜಿಲ್ಲೆಗಳಿಂದ ಜನ ಬಂದು ಸೇರುತ್ತಾರೆ. ಭಾಷಣ, ವಚನಗಾಯನ, ಶಾಲಾ ಮಕ್ಕಳ ಕಾರ್ಯಕ್ರಮ, ದಾಸೋಹ. ಇವುಗಳ ನಡುವೆಯೇ ರಕ್ತದಾನ ಶಿಬಿರಗಳೂ ನಡೆಯುತ್ತ ಬಂದಿವೆ. ಗುರುವಿನ ನೆನಪಿಗೆ ಹೂವು ಹಾಕುವವರು ಒಂದು ಕಡೆ, ತೋಳು ಚಾಚಿ ಮಲಗುವವರು ಇನ್ನೊಂದು ಕಡೆ.

ಸಿರಿಗೆರೆಯಾಗಲಿ ಬೇರೆ ಊರಾಗಲಿ, ಇಂಥ ಶಿಬಿರದ ಬಾಗಿಲಲ್ಲಿ ಅರ್ಧ ಗಂಟೆ ನಿಂತರೆ ಎರಡು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಒಂದು, "ನಂಗೆ ಸೂಜಿ ಅಂದ್ರೆ ಆಗಲ್ಲಪ್ಪ." ಇನ್ನೊಂದು, "ಇದು ಕೊನೆಗೆ ಯಾರಿಗೆ ಹೋಗುತ್ತೆ?" ಮೊದಲನೆಯ ಮಾತಿಗೆ ಸುತ್ತ ನಿಂತವರು ನಗುತ್ತಾರೆ. ದಪ್ಪ ಮೀಸೆಯ ಗಂಡಸು ಹೇಳಿದರಂತೂ ನಗು ಇಮ್ಮಡಿ. "ಓಬವ್ವನ ಜಿಲ್ಲೆಯವನಾಗಿ ಸೂಜಿಗೆ ಹೆದರ್ತೀಯೇನಯ್ಯಾ" ಎಂಬ ಲೇವಡಿ ನಮ್ಮ ಸೀಮೆಯಲ್ಲಿ ಸಿದ್ಧವಾಗಿಯೇ ಇರುತ್ತದೆ. ಎರಡನೆಯ ಮಾತಿಗೆ ಯಾರೂ ನಗುವುದಿಲ್ಲ. ಅದೇನೋ ವಿಚಾರವಂತರ ಪ್ರಶ್ನೆ ಎಂಬಂತೆ ತಲೆಯಾಡಿಸುತ್ತಾರೆ. ನಗುವೂ ಗೌರವವೂ ಎರಡೂ ತಪ್ಪು ವಿಳಾಸಕ್ಕೆ ಹೋಗುತ್ತಿವೆ ಎಂಬುದು ನಮ್ಮ ಅನಿಸಿಕೆ.

ಸೂಜಿಯ ಭಯವನ್ನೇ ಮೊದಲು ನೋಡೋಣ. ಅದು ಸುಳ್ಳು ಭಯವಲ್ಲ. ದಾದಿಯರು "ಇರುವೆ ಕಚ್ಚಿದ ಹಾಗೆ ಅಷ್ಟೆ" ಎನ್ನುತ್ತಾರೆ. ಯಾವ ಸೀಮೆಯ ಇರುವೆ ತಾಯಿ ಎಂದು ಕೇಳಬೇಕೆನಿಸುತ್ತದೆ. ರಕ್ತ ತೆಗೆಯುವ ಸೂಜಿ ಸಾಮಾನ್ಯವಾಗಿ ೧೬ ಗೇಜಿನದು. ಅದರ ದಪ್ಪ ಒಂದೂವರೆ ಮಿಲಿಮೀಟರಿಗೂ ತುಸು ಹೆಚ್ಚು, ಜ್ವರ ಬಂದಾಗ ತೋಳಿಗೆ ಚುಚ್ಚುವ ಸೂಜಿಯ ಎರಡು ಪಟ್ಟಿಗೂ ಮಿಕ್ಕಿ. ಅಷ್ಟು ದಪ್ಪ ಇರಲೇಬೇಕು. ಇಕ್ಕಟ್ಟಿನ ತೂತಿನಲ್ಲಿ ನುಗ್ಗಿದರೆ ಕೆಂಪು ಕಣಗಳು ಒಡೆಯುತ್ತವೆ, ಹರಿವು ನಿಧಾನವಾದರೆ ರಕ್ತ ಹೆಪ್ಪುಗಟ್ಟಲು ತೊಡಗುತ್ತದೆ. ಹೆದರುವವನಿಗೆ ಈ ನಿಜವನ್ನು ಹೇಳಿಬಿಡುವುದೇ ಮೇಲು. ನೋವು ಇದೆ, ಅದು ಕೆಲವು ಕ್ಷಣ ಮಾತ್ರ, ಆಮೇಲಿನ ಹತ್ತು ನಿಮಿಷ ಬರೀ ಕಾಯುವ ಕೆಲಸ. ಸುಳ್ಳು ಹೇಳಿ ಮಲಗಿಸಿದರೆ ಒಂದು ಸಲ ರಕ್ತ ಸಿಕ್ಕೀತು, ಆ ಮನುಷ್ಯ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಇನ್ನು ಆ ಭಯದ ಸ್ವಭಾವವೇ ಬೇರೆ. ಹಾವು ಕಂಡಾಗ, ಎತ್ತರದಲ್ಲಿ ನಿಂತಾಗ ಎದೆ ಡವಗುಟ್ಟುತ್ತದೆ, ರಕ್ತದ ಒತ್ತಡ ಏರುತ್ತದೆ, ಕಾಲು ಓಡಲು ಸಿದ್ಧವಾಗುತ್ತದೆ. ಸೂಜಿ ಮತ್ತು ರಕ್ತದ ಭಯ ಇರುವವರಲ್ಲಿ ಒತ್ತಡ ಮೊದಲು ಏರಿ, ಆಮೇಲೆ ದಿಢೀರನೆ ಕುಸಿಯುತ್ತದೆ. ಎದೆಬಡಿತ ನಿಧಾನವಾಗುತ್ತದೆ, ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಟ್ಟು ಮನುಷ್ಯ ಕುಸಿದು ಬೀಳುತ್ತಾನೆ. ಭಯದಿಂದ ಎಚ್ಚರ ತಪ್ಪುವುದು ಬೇರೆ ಭಯಗಳಲ್ಲಿ ಅಪರೂಪ, ಇದರಲ್ಲಿ ಮಾಮೂಲು. ನೂರರಲ್ಲಿ ಮೂರು ನಾಲ್ಕು ಜನಕ್ಕೆ ಇದು ತೀವ್ರವಾಗಿಯೇ ಇರುತ್ತದೆಂದು ಮನೋವೈದ್ಯರು ಹೇಳುತ್ತಾರೆ. ಮನೆತನದಲ್ಲಿ ಹರಿದು ಬರುವುದೂ ಉಂಟು; ಅಪ್ಪನಿಗಿದ್ದರೆ ಮಗಳಿಗೂ ಇರಬಹುದು. ಹೀಗಿರುವಾಗ ಇದನ್ನು ಹೇಡಿತನ ಎಂದು ಕರೆಯುವುದು ಎತ್ತರ ಕಡಿಮೆ ಇರುವವನನ್ನು ಸೋಮಾರಿ ಎಂದು ಕರೆದಷ್ಟೇ ಸರಿ.

ಮೈಯಲ್ಲಿ ಹುಟ್ಟಿದ ಭಯಕ್ಕೆ ಮೈಯಲ್ಲೇ ಉಪಾಯವಿದೆ. ೧೯೮೦ರ ದಶಕದಲ್ಲಿ ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಗೋರಾನ್ ಓಸ್ಟ್ ಮತ್ತು ಅವರ ಜೊತೆಗಾರರು ಒಂದು ಸರಳ ವಿಧಾನ ರೂಪಿಸಿದರು. ತೊಡೆ, ಹೊಟ್ಟೆ, ತೋಳುಗಳ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿಯುವುದು, ಮುಖ ಬೆಚ್ಚಗಾದಂತೆ ಅನಿಸಿದಾಗ ಬಿಡುವುದು, ಅರ್ಧ ನಿಮಿಷ ತಡೆದು ಮತ್ತೆ ಬಿಗಿಹಿಡಿಯುವುದು. ಇದರಿಂದ ಕುಸಿಯುವ ಒತ್ತಡ ಏರುತ್ತದೆ. ಮುಂದೆ ರಕ್ತದಾನಿಗಳ ಮೇಲೂ ಇದನ್ನು ಪರೀಕ್ಷಿಸಿ, ತಲೆಸುತ್ತು ಕಡಿಮೆಯಾಗುವುದನ್ನು ಕಂಡರು. ವಿಚಿತ್ರವೆಂದರೆ ಎಲ್ಲರೂ ಹೆದರಿದವರಿಗೆ ಹೇಳುವುದು ಇದಕ್ಕೆ ಉಲ್ಟಾ: "ಮೈ ಸಡಿಲ ಬಿಡಿ." ಈ ಒಂದು ಭಯದಲ್ಲಿ ಮೈ ಸಡಿಲ ಬಿಡುವುದೇ ಬೀಳುವ ದಾರಿ. ಸೂಜಿ ಇರುವ ಕೈ ಮಾತ್ರ ಸಡಿಲವಿರಲಿ, ಕಾಲುಗಳು ಬಿಗಿಯಲಿ. ಬರುವ ಮೊದಲು ಊಟ ಮಾಡಿರಬೇಕು, ಅರ್ಧ ಲೀಟರ್ ನೀರು ಕುಡಿದಿರಬೇಕು, ಚುಚ್ಚುವಾಗ ಮುಖ ಆ ಕಡೆ ತಿರುಗಿಸಬೇಕು.

ನಮ್ಮ ಜೊತೆ ಒಮ್ಮೆ ಸಿರಿಗೆರೆಯ ಶಿಬಿರಕ್ಕೆ ಬಂದಿದ್ದ ಮೇಷ್ಟ್ರೊಬ್ಬರಿಗೆ ಈ ಕಾಯಿಲೆ ಚೆನ್ನಾಗಿಯೇ ಇತ್ತು. ಮಕ್ಕಳಿಗೆ ಲಸಿಕೆ ಹಾಕಿಸುವ ದಿನ ಹೆಂಡತಿಯನ್ನು ಕಳಿಸಿ ತಾವು ಮನೆಯಲ್ಲಿ ಉಳಿಯುತ್ತಿದ್ದವರು. ಮಲಗಿದ ಮೇಲೆ ಅವರ ಎರಡೂ ಕಾಲು ಮಂಚದ ಮೇಲೆ ಸೆಟೆದು, ಬಿಟ್ಟು, ಮತ್ತೆ ಸೆಟೆಯುತ್ತಿದ್ದವು. ಪಕ್ಕದ ಮಂಚದ ಹುಡುಗ ಇವರಿಗೇನೋ ಆಗುತ್ತಿದೆ ಎಂದು ದಾದಿಯನ್ನು ಕೂಗಿದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ "ಏನೂ ಇಲ್ಲಪ್ಪ, ಕಸರತ್ತು" ಎಂದರು. ೩೫೦ ಮಿಲಿಲೀಟರ್ ತುಂಬಿತು. ಎದ್ದು ಬಿಸ್ಕತ್ತು ತಿಂದರು. ಭಯ ಹೋಯಿತೇ ಎಂದು ಕೇಳಿದರೆ, "ಎಲ್ಲಿ ಹೋಗುತ್ತೆ, ಇಲ್ಲೇ ಇದೆ" ಎಂದರು.

ಈ ಉತ್ತರ ನಮಗೆ ಬಹಳ ಇಷ್ಟವಾಯಿತು. ಭಯವನ್ನು "ಗೆಲ್ಲಬೇಕು" ಎಂದು ಹೇಳುವ ಭಾಷೆ ಯುದ್ಧದ್ದು. ಗೆದ್ದ ಮೇಲೆಯೇ ಕೊಡುತ್ತೇನೆ ಎಂದರೆ ಬಹುಪಾಲು ಜನ ಸಾಯುವವರೆಗೂ ಕೊಡಲಾರರು. ದಾನಿಯಾದವನು ಸಂತೋಷದಿಂದ ಕೊಡಬೇಕು, ನೊಂದುಕೊಂಡು ಕೊಟ್ಟರೆ ಅವನಿಗೆ ಆ ಗುಣ ಇನ್ನೂ ಬಂದಿಲ್ಲ ಎಂದು ಅರಿಸ್ಟಾಟಲ್ ವಾದಿಸಿದ್ದ. ನಮ್ಮ ಮದ್ರಸಾಗಳಲ್ಲಿ ಇದಕ್ಕೆ ವಿರುದ್ಧವಾದ ಪಾಠ ಕೇಳಿಯೇ ಮಕ್ಕಳು ಬೆಳೆಯುತ್ತಾರೆ: ಸರಾಗವಾಗಿ ಕುರ್‌ಆನ್ ಓದುವವನಿಗೆ ಉನ್ನತ ಸ್ಥಾನವಿದೆ, ಆದರೆ ತಡವರಿಸುತ್ತ ಕಷ್ಟಪಟ್ಟು ಓದುವವನಿಗೆ ಎರಡು ಪ್ರತಿಫಲ. ಈ ಎರಡನೆಯ ಲೆಕ್ಕ ಮನುಷ್ಯರಿಗೆ ಹತ್ತಿರವಾದದ್ದು. ಆದರೂ ರಕ್ತದ ವಿಷಯದಲ್ಲಿ ಯಾರ ಕೊಡುಗೆ ದೊಡ್ಡದು ಎಂಬ ಪಂದ್ಯವೇ ಬೇಡವೇನೋ. ನಡುಗುತ್ತ ಕೊಟ್ಟ ರಕ್ತ, ನಗುತ್ತ ಕೊಟ್ಟ ರಕ್ತ ಎಂದು ಚೀಲದ ಮೇಲೆ ಬರೆಯುವುದಿಲ್ಲ.

ಇನ್ನು ಎರಡನೆಯ ಮಾತಿಗೆ ಬರೋಣ. ಯಾರಿಗೆ ಹೋಗುತ್ತೆ?

ಕೇಳುವವರು ಕೆಟ್ಟವರಲ್ಲ. ಅದರ ಹಿಂದೆ ಒಂದು ಇತಿಹಾಸವಿದೆ. ಈ ದೇಶದಲ್ಲಿ ಬಹಳ ಕಾಲ ರಕ್ತ ಮಾರಾಟದ ಸರಕಾಗಿತ್ತು. ಹೊಟ್ಟೆಗಿಲ್ಲದವರು, ಕುಡಿತಕ್ಕೆ ಬಿದ್ದವರು ಆಸ್ಪತ್ರೆಯ ಗೇಟಿನ ಬಳಿ ನಿಂತು ಮಾರುತ್ತಿದ್ದರು. ಕಾಮನ್ ಕಾಸ್ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೯೬ರ ಜನವರಿಯಲ್ಲಿ ತೀರ್ಪು ಕೊಟ್ಟು, ಎರಡು ವರ್ಷದೊಳಗೆ ಇದನ್ನು ನಿಲ್ಲಿಸಬೇಕೆಂದಿತು. ೧೯೯೮ರ ಜನವರಿ ೧ರಿಂದ ಹಣಕ್ಕೆ ರಕ್ತ ಕೊಡುವುದು ನಿಷಿದ್ಧವಾಯಿತು. ಅದಕ್ಕೂ ಬಹಳ ಮೊದಲು, ೧೯೭೦ರಲ್ಲಿ, ಇಂಗ್ಲೆಂಡಿನ ರಿಚರ್ಡ್ ಟಿಟ್ಮಸ್ ಬ್ರಿಟನ್ನಿನ ಉಚಿತ ರಕ್ತವನ್ನೂ ಅಮೆರಿಕದ ಮಾರಾಟದ ರಕ್ತವನ್ನೂ ಹೋಲಿಸಿ ಒಂದು ಪುಸ್ತಕ ಬರೆದಿದ್ದರು. ದುಡ್ಡು ಕೊಟ್ಟು ತಂದ ರಕ್ತದಲ್ಲೇ ರೋಗ ಹೆಚ್ಚು, ಏಕೆಂದರೆ ಮಾರುವವನಿಗೆ ತನ್ನ ಕಾಯಿಲೆ ಮುಚ್ಚಿಡಲು ಕಾರಣವಿರುತ್ತದೆ ಎಂಬುದು ಅವರ ವಾದದ ಒಂದು ಮುಖ್ಯ ಎಳೆ.

ಮಾರಾಟ ನಿಂತಿತು, ಸರಿ. ಆ ಜಾಗಕ್ಕೆ ಅಪರಿಚಿತರ ಔದಾರ್ಯ ಬರಬೇಕಿತ್ತು. ಬಹಳ ಕಡೆ ಬಂದದ್ದು ಬಂಧುಗಳ ಬದಲಿ ರಕ್ತ. ನಿಮ್ಮ ಕಡೆಯವರನ್ನು ಕರೆತನ್ನಿ, ಎರಡು ಯೂನಿಟ್ ಕೊಟ್ಟು ಎರಡು ಯೂನಿಟ್ ಒಯ್ಯಿರಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಆಗ ನಡೆಯುವ ನಾಟಕವನ್ನು ಕಂಡವರೇ ಬಲ್ಲರು. ಬೆಳಗಿನಿಂದ ಗುಂಪಾಗಿ ಕೂತಿದ್ದ ನೆಂಟರಲ್ಲಿ ಒಬ್ಬನಿಗೆ ಇದ್ದಕ್ಕಿದ್ದಂತೆ ಬಿ.ಪಿ., ಒಬ್ಬನಿಗೆ ಸಕ್ಕರೆ, ಒಬ್ಬನಿಗೆ ಊರಿನ ಕೊನೆಯ ಬಸ್ಸು. ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ ಭಾವಮೈದ ಟೀ ಕುಡಿದು ಬರುತ್ತೇನೆಂದು ಹೋದವನು ಬರುವುದೇ ಇಲ್ಲ. ಕೊನೆಗೆ ಕೊಡುವವನು ಪಕ್ಕದ ವಾರ್ಡಿನ ರೋಗಿಗೆ ಊಟ ತಂದಿದ್ದ ಯಾವನೋ ಆಟೋದವನು. ರಕ್ತಸಂಬಂಧ ಎಂಬ ಮಾತಿಗೆ ಅಲ್ಲಿ ಬೇರೆಯೇ ಅರ್ಥ ಹುಟ್ಟುತ್ತದೆ.

ಎಲ್ಲರ ರಕ್ತವೂ ಕೆಂಪೇ ಎಂಬುದು ಸಾಮರಸ್ಯದ ವೇದಿಕೆಗಳಲ್ಲಿ ಸವೆದುಹೋದ ಮಾತು. ನಿಜ ಹೇಳಬೇಕೆಂದರೆ ಎಲ್ಲರ ರಕ್ತವೂ ಒಂದಲ್ಲ. ರಕ್ತ ಭೇದ ಮಾಡುತ್ತದೆ, ಪ್ರಾಣ ತೆಗೆಯುವಷ್ಟು ಕಟ್ಟುನಿಟ್ಟಾಗಿ ಮಾಡುತ್ತದೆ. ಅದನ್ನು ೧೯೦೧ರಲ್ಲಿ ಬೆಳಕಿಗೆ ತಂದವರು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ಅವರು ಹುಟ್ಟಿದ ಜೂನ್ ೧೪ನ್ನೇ ಈಗ ವಿಶ್ವ ರಕ್ತದಾನಿಗಳ ದಿನವೆಂದು ಆಚರಿಸುತ್ತಾರೆ. ಗುಂಪು ತಪ್ಪಿದರೆ ಹೊಕ್ಕ ರಕ್ತವನ್ನು ಮೈ ಶತ್ರುವಿನಂತೆ ಒಡೆದು ಹಾಕುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುವ, ಆದರೆ ಓ ರಕ್ತವನ್ನೂ ಒಪ್ಪದ ಒಂದು ಗುಂಪನ್ನು ೧೯೫೨ರಲ್ಲಿ ಮುಂಬಯಿಯ ಡಾ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದರು. ಬಾಂಬೆ ಗುಂಪು ಎಂದೇ ಅದರ ಹೆಸರು. ಅಂಥವರಿಗೆ ಅಂಥವರದೇ ರಕ್ತ ಬೇಕು.

ಹೀಗೆ ಭೇದವಿದೆ, ಆದರೆ ಅದು ನಾವು ಮಾಡಿಕೊಂಡ ಭೇದವಲ್ಲ. ಒಡಹುಟ್ಟಿದವನದು ಒಗ್ಗುವುದಿಲ್ಲ, ಹೆಸರೇ ಗೊತ್ತಿಲ್ಲದ ಹಿರಿಯೂರಿನ ರೈತನದು ಒಗ್ಗುತ್ತದೆ. ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತಾರೆ: ತಂದೆತಾಯಿ, ಮಕ್ಕಳು, ಒಡಹುಟ್ಟಿದವರ ರಕ್ತವನ್ನು ವಿಕಿರಣಕ್ಕೆ ಒಡ್ಡದೆ ಹಾಗೆಯೇ ಏರಿಸಬಾರದು. ಹತ್ತಿರದವರ ಬಿಳಿ ರಕ್ತಕಣಗಳನ್ನು ರೋಗಿಯ ಮೈ ಪರಕೀಯವೆಂದು ಗುರುತಿಸದೆ ಒಳಗೆ ಬಿಟ್ಟುಕೊಳ್ಳುತ್ತದೆ, ಅವು ಒಳಗೆ ನೆಲೆಯೂರಿ ರೋಗಿಯ ಮೇಲೆಯೇ ತಿರುಗಿಬೀಳಬಹುದು. ಅಪರೂಪದ ಅಪಾಯ, ಆದರೆ ಬಂದರೆ ಉಳಿಯುವುದು ಕಷ್ಟ. ಮಕ್ಕಳಾಗುವ ವಯಸ್ಸಿನ ಹೆಂಡತಿಗೆ ಗಂಡನ ರಕ್ತ ಕೊಡುವುದನ್ನೂ ತಪ್ಪಿಸಲು ನೋಡುತ್ತಾರೆ, ಮುಂದಿನ ಬಸಿರಿಗೆ ತೊಂದರೆಯಾದೀತೆಂದು. "ನಮ್ಮವರದ್ದೇ ಆದ್ರೆ ಒಳ್ಳೇದಲ್ವಾ ಡಾಕ್ಟ್ರೇ" ಎನ್ನುವವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು.

ಇಲ್ಲಿ ಒಂದು ಸಿನಿಮಾ ನೆನಪಾಗುತ್ತದೆ. ಮನಮೋಹನ ದೇಸಾಯಿಯವರ 'ಅಮರ್ ಅಕ್ಬರ್ ಆಂಥೋನಿ', ೧೯೭೭ರದು. ಮೂವರು ಯುವಕರು ಸಾಲಾಗಿ ಮಲಗಿ ಏಕಕಾಲಕ್ಕೆ ಒಬ್ಬ ಮುದುಕಿಗೆ ರಕ್ತ ಕೊಡುವ ದೃಶ್ಯವನ್ನು ನಮ್ಮ ತಲೆಮಾರಿನವರು ಮರೆಯುವಂತಿಲ್ಲ. ಒಬ್ಬ ಹಿಂದೂ, ಒಬ್ಬ ಮುಸ್ಲಿಮ್, ಒಬ್ಬ ಕ್ರೈಸ್ತ. ಟಾಕೀಸಿನಲ್ಲಿ ಆ ದೃಶ್ಯಕ್ಕೆ ಚಪ್ಪಾಳೆಯೋ ಚಪ್ಪಾಳೆ. ಅಲ್ಲಿ ಕೊಳವೆಗಳು ಸಾಗುವ ರೀತಿಯನ್ನು ಕಂಡು ವೈದ್ಯರು ನಗುತ್ತಾರೆ, ಅದಿರಲಿ. ನಮ್ಮ ತಕರಾರು ಬೇರೆ. ಮೂವರೂ ಗುರುತಿಲ್ಲದ ಹೆಂಗಸಿಗೆ ರಕ್ತ ಕೊಡುತ್ತಿದ್ದಾರೆ. ಅಷ್ಟರಲ್ಲೇ ಕತೆ ನಿಂತಿದ್ದರೆ ಅದೊಂದು ದೊಡ್ಡ ಕತೆ. ಆದರೆ ಅವಳು ಮೂವರ ಹೆತ್ತ ತಾಯಿ ಎಂದು ಪ್ರೇಕ್ಷಕರಿಗೆ ಗೊತ್ತಾಗಲೇಬೇಕು, ಗೊತ್ತಾದ ಮೇಲೆಯೇ ಚಪ್ಪಾಳೆ. ಅಪರಿಚಿತೆ ಅಪರಿಚಿತೆಯಾಗಿಯೇ ಉಳಿಯುವುದನ್ನು ಆ ಸಿನಿಮಾ ಸಹಿಸಲಿಲ್ಲ, ಟಿಕೆಟ್ ಕೊಂಡವರೂ ಸಹಿಸುತ್ತಿರಲಿಲ್ಲ. ರಕ್ತ ಹೇಗೋ ತಿರುಗಿ ಮನೆಗೇ ಬರಬೇಕು! "ಯಾರಿಗೆ ಹೋಗುತ್ತೆ" ಎಂಬ ಪ್ರಶ್ನೆಯ ಬೇರು ಅಲ್ಲಿದೆ. ಸೂಜಿ ತೋಳಿಗೆ ಚುಚ್ಚುತ್ತದೆ, ಈ ಪ್ರಶ್ನೆ ಬೇಲಿಗೆ ಚುಚ್ಚುತ್ತದೆ. ಬೇಲಿಯಾಚೆ ಹೋದದ್ದು ಹಾಳಾಯಿತು ಎಂಬ ಭಯ.

ನಮ್ಮ ಉಲಮಾಗಳ ಮುಂದೆ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂದಿತ್ತು. ಮೈಯಿಂದ ಹರಿದ ರಕ್ತ ನಜಸ್, ಅದನ್ನು ಸೇವಿಸುವುದು ಹರಾಮ್. ಹಾಗಿದ್ದಾಗ ಒಬ್ಬರದನ್ನು ಇನ್ನೊಬ್ಬರ ಮೈಗೆ ಏರಿಸಬಹುದೇ? ಪ್ರಾಣಾಪಾಯದಲ್ಲಿ ನಿಷಿದ್ಧವೂ ಸಲ್ಲುತ್ತದೆ ಎಂಬ ನಿಯಮವನ್ನು ಹಲವರು ಮುಂದಿಟ್ಟರು. ದೇವಬಂದಿನಲ್ಲಿ ಕಲಿತು ಕಲಿಸಿ ಮುಂದೆ ಕರಾಚಿಗೆ ಹೋದ ಮುಫ್ತಿ ಮುಹಮ್ಮದ್ ಶಫೀ ಅವರು ಅದರ ಜೊತೆಗೆ ತಾಯಿಯ ಹಾಲಿನ ಹೋಲಿಕೆ ತಂದರು: ಹಾಲೂ ಮನುಷ್ಯನ ಮೈಯ ಅಂಶವೇ, ಕತ್ತರಿಸದೆ ಕುಯ್ಯದೆ ಒಂದು ಮೈಯಿಂದ ಇನ್ನೊಂದಕ್ಕೆ ಹೋಗುತ್ತದೆ, ಮಗುವಿಗೆ ಅದು ಜೀವ. ಬಹಳ ಸುಂದರವಾದ ಹೋಲಿಕೆ. ಆದರೆ ಅದರ ಬೆನ್ನಿಗೇ ಇನ್ನೊಂದು ಸವಾಲು. ಒಬ್ಬಳ ಹಾಲು ಕುಡಿದ ಇಬ್ಬರು ಮಕ್ಕಳು ನಮ್ಮಲ್ಲಿ ಅಣ್ಣ ತಂಗಿಯಾಗುತ್ತಾರೆ, ಅವರ ನಡುವೆ ನಿಕಾಹ್ ಸಲ್ಲದು. ಹಾಗಾದರೆ ರಕ್ತ ಕೊಟ್ಟವನು, ಪಡೆದವಳು? ೧೯೮೯ರಲ್ಲಿ ಮಕ್ಕಾದಲ್ಲಿ ಸೇರಿದ ಫಿಕ್ಹ್ ಮಂಡಳಿ ಸ್ಪಷ್ಟವಾಗಿ ಹೇಳಿತು: ರಕ್ತದಿಂದ ಅಂಥ ನಂಟು ಹುಟ್ಟುವುದಿಲ್ಲ, ಆ ವಿಧಿ ಹಾಲಿಗೆ ಮಾತ್ರ. ಕತೆ ಬರೆಯುವವರಿಗೆ ಇದರಿಂದ ತುಸು ನಿರಾಸೆಯೇ. ಆದರೆ ಯೋಚಿಸಿದಷ್ಟೂ ಈ ತೀರ್ಮಾನದ ಆಳ ಕಾಣುತ್ತದೆ. ಕೊಟ್ಟಮೇಲೂ ಅವನು ನಿಮಗೆ ಯಾರೂ ಅಲ್ಲ. ಯಾರೂ ಅಲ್ಲದವನಿಗೆ ಕೊಟ್ಟಿರಿ.

(ರಂಜಾನಿನಲ್ಲಿ ಕೊಡಬಹುದೇ ಎಂದು ಕೇಳುವವರಿದ್ದಾರೆ. ರಕ್ತ ಕೊಟ್ಟರೆ ಉಪವಾಸ ಮುರಿಯುವುದಿಲ್ಲವೆಂದೇ ಹನಫಿ ವಿದ್ವಾಂಸರ ಅಭಿಪ್ರಾಯ. ನಿಶ್ಶಕ್ತಿಯಾಗುವಂತಿದ್ದರೆ ಇಫ್ತಾರ್ ಆದ ಮೇಲೆ ಕೊಡುವುದು ಲೇಸು. ವುಜೂ ಮಾತ್ರ ಹೊಸದಾಗಿ ಮಾಡಬೇಕು. ಶಾಫಿಈ ಪದ್ಧತಿಯ ಕರಾವಳಿಯವರಿಗೆ ಅದೂ ಬೇಕಿಲ್ಲ.)

ಮಾತಿನ ವಿಷಯಕ್ಕೆ ಬಂದರೆ, 'ರಕ್ತದಾನ' ಎಂಬ ಪದ ನಮಗೆ ಪೂರ್ತಿ ಒಗ್ಗುವುದಿಲ್ಲ. ದಾನದಲ್ಲಿ ಕೊಡುವ ಕೈ ಮೇಲೆ, ಪಡೆವ ಕೈ ಕೆಳಗೆ. ಉರ್ದುವಿನಲ್ಲಿ ಇದನ್ನು ಖೈರಾತ್ ಎನ್ನುವುದಿಲ್ಲ, 'ಖೂನ್ ಕಾ ಅತಿಯಾ' ಎನ್ನುತ್ತಾರೆ. ಅತಿಯಾ ಎಂದರೆ ಉಡುಗೊರೆ. ಅದು ಇನ್ನೂ ವಾಸಿ. ಆದರೆ ಇದಕ್ಕೆ ತಕ್ಕ ಮಾತು ಶರಣರ ಬಳಿ ಇದೆ ಅನಿಸುತ್ತದೆ: ದಾಸೋಹ. ಕೊಡುವವನು ದಾಸ, ನಾನು ಕೊಟ್ಟೆ ಎಂಬ ಅಹಂಕಾರಕ್ಕೆ ಅಲ್ಲಿ ಜಾಗವಿಲ್ಲ. ಸಿರಿಗೆರೆಯ ಪಂಕ್ತಿಯಲ್ಲಿ ಕೂತವರನ್ನು ಯಾರ ಮನೆಯವರು ಎಂದು ಕೇಳಿ ಅನ್ನ ಬಡಿಸುವುದಿಲ್ಲ. ಪಕ್ಕದಲ್ಲೇ ರಕ್ತದ ಮಂಚವಿರುವಾಗ ಅಲ್ಲಿ ಮಾತ್ರ ಏಕೆ ಆ ಪ್ರಶ್ನೆ? ಮಠದ ಹೆಸರಿನ ಕತೆಯೂ ಇದಕ್ಕೆ ಹೊಂದುತ್ತದೆ. ಮರುಳಸಿದ್ಧರು ಶಿಷ್ಯನನ್ನು ಪೀಠದ ಮೇಲೆ ಕೂರಿಸಿ "ತರಳಾ, ಬಾಳು" ಎಂದು ಹರಸಿದರಂತೆ, ಅದೇ ತರಳಬಾಳು ಆಯಿತಂತೆ. ಮಗುವೇ, ಬದುಕು ಎಂದು.

ಬದುಕಬೇಕಾದ ಮಕ್ಕಳು ನಿಜಕ್ಕೂ ಇದ್ದಾರೆ. ಒಂದು ಚೀಲ ರಕ್ತ ಈಗ ಒಬ್ಬರಿಗೇ ಹೋಗಬೇಕೆಂದಿಲ್ಲ. ಅದನ್ನು ಬೇರ್ಪಡಿಸುತ್ತಾರೆ. ಕೆಂಪು ಕಣಗಳು ೩೫ರಿಂದ ೪೨ ದಿನ ಬಾಳುತ್ತವೆ, ಪ್ಲೇಟ್‌ಲೆಟ್‌ಗಳು ಐದೇ ದಿನ, ಹೆಪ್ಪುಗಟ್ಟಿಸಿದ ಪ್ಲಾಸ್ಮಾ ಒಂದು ವರ್ಷದವರೆಗೆ. ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕವನಿಗೆ ಒಂದು ಭಾಗ, ಡೆಂಗಿ ಬಂದವಳಿಗೆ ಒಂದು ಭಾಗ. ಕೊಟ್ಟವನು ಮರೆತೇಬಿಟ್ಟ ಮೇಲೆ, ಮುಂದಿನ ಬೇಸಿಗೆಯಲ್ಲಿ ಸುಟ್ಟಗಾಯದ ರೋಗಿಗೆ ಇನ್ನೊಂದು ಭಾಗ. ಎಲ್ಲಕ್ಕಿಂತ ಹೆಚ್ಚು ಕಾಯುವವರು ಥಲಸ್ಸೇಮಿಯಾದ ಮಕ್ಕಳು. ಅವರ ಮೈ ಸರಿಯಾದ ಕೆಂಪು ಕಣ ತಯಾರಿಸಲಾರದು. ತೀವ್ರ ರೂಪದ ಕಾಯಿಲೆಯಾದರೆ ಎರಡು ಮೂರು ವಾರಕ್ಕೊಮ್ಮೆ, ಬದುಕಿರುವಷ್ಟು ಕಾಲ, ಬೇರೆಯವರ ರಕ್ತ ಬೇಕು. ಆರೇಳು ವರ್ಷದ ಹೊತ್ತಿಗೆ ಅವಕ್ಕೆ ಸೂಜಿ ಹಳೆಯ ಪರಿಚಯ. ಯಾವ ಕೈಯಲ್ಲಿ ನರ ಚೆನ್ನಾಗಿ ಸಿಗುತ್ತದೆಂದು ದಾದಿಗೆ ಅವೇ ತೋರಿಸುತ್ತವೆ. ಹೆದರಿಕೆ ಇಲ್ಲವೆಂದಲ್ಲ. "ನನಗೆ ಆಗಲ್ಲ" ಎಂದು ಎದ್ದು ಹೋಗುವ ಅವಕಾಶ ಅವಕ್ಕಿಲ್ಲ.

ಹೆದರಿಕೆ ಇಲ್ಲದೆಯೂ ಕೊಡಲಾಗದವರ ಇನ್ನೊಂದು ಸಾಲಿದೆ. ಶಿಬಿರಗಳಲ್ಲಿ ಹೆಂಗಸರು ಬರುವುದು ಕಡಿಮೆ. ಬಂದವರು ಸೂಜಿಗೆ ಹೆದರಿದ್ದನ್ನು ನಾವು ಹೆಚ್ಚು ಕಂಡಿಲ್ಲ; ಎರಡು ಮೂರು ಹೆರಿಗೆ ಕಂಡ ಮೈಗೆ ೧೬ ಗೇಜು ಯಾವ ಲೆಕ್ಕ. ಆದರೆ ಬೆರಳು ಚುಚ್ಚಿ ನೋಡಿದರೆ ಹಿಮೋಗ್ಲೋಬಿನ್ ಹತ್ತು, ಒಂಬತ್ತೂವರೆ. ಕನಿಷ್ಠ ೧೨.೫ ಇರಬೇಕೆಂಬುದು ನಿಯಮ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನರು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವವರು ಇವರೇ. ಹೆರಿಗೆಯ ಮೇಜಿನ ಮೇಲೆ ರಕ್ತ ಹರಿದು ನಮ್ಮ ಚೀಲಗಳಿಗಾಗಿ ಕಾಯುವವರೂ ಇವರೇ. ಹಾಗೆ ತಿರುಗಿ ಬಂದ ಹೆಂಗಸೊಬ್ಬಳು, ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳುತ್ತ, ಕಬ್ಬಿಣದ ಮಾತ್ರೆಯ ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ದಾದಿಯನ್ನು ಕೇಳಿದಳು: "ಮೂರು ತಿಂಗಳು ನುಂಗಿ ಬರ್ತೀನಿ, ಆಗ ತಗೋತೀರಾ?"